ಕ್ಸೈಲೀನ್‌ಗೆ ಮೂರೇ ಐಸೋಮರ್ ಯಾಕೆ? ನಾಲ್ಕು ಬರಬೇಕಲ್ವಾ?

ಬೆಳದಿಂಗಳು
ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಶುರುವಾಗಿದೆ. ನಿನ್ನೆ ಕ್ಸೈಲೀನ್‌ನ ಐಸೋಮರ್‌ಗಳನ್ನು (ಅದೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ) ಬರೆಯುತ್ತಿದ್ದಳು. ಬೆಂಜೀನ್ ಉಂಗುರದ ಎರಡು ಮೂಲೆಗೆ ಎರಡು ಮೀಥೈಲ್ ಗುಂಪು ಕೂರಿಸಬೇಕು, ಅಷ್ಟೇ. ಪುಸ್ತಕದಲ್ಲಿ ಆರ್ಥೋ (1,2), ಮೆಟಾ (1,3), ಪ್ಯಾರಾ (1,4) ಅಂತ ಮೂರು ಇವೆ. ಇವಳು ಐದು ಚಿತ್ರ ಬರೆದಳು: 1,2 / 1,3 / 1,4 / 1,5 / 1,6. 1,5ನ್ನು ತಿರುಗಿಸಿದರೆ 1,3 ಆಗುತ್ತದೆ ಎಂದು ತೋರಿಸಿದೆ, ಒಪ್ಪಿಕೊಂಡಳು. 1,6 ಕೂಡ 1,2 ಆಗುತ್ತದೆ ಎಂದೆ. ಅದನ್ನು ಒಪ್ಪಲಿಲ್ಲ.

ಪೆನ್ಸಿಲ್ ತುದಿ ಇಟ್ಟು ತೋರಿಸಿದಳು. ಒಂದು ಚಿತ್ರದಲ್ಲಿ ಎರಡು ಮೀಥೈಲ್‌ಗಳ ನಡುವೆ ಜೋಡಿ ಗೆರೆ ಇದೆ. ಇನ್ನೊಂದರಲ್ಲಿ ಒಂಟಿ ಗೆರೆ. ಹೇಗೆ ತಿರುಗಿಸಿದರೂ, ಮಗುಚಿದರೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ನಾನೂ ಎರಡು ಹಾಳೆಯ ಮೇಲೆ ಬರೆದು, ಬೆಳಕಿಗೆ ಹಿಡಿದು ನೋಡಿದೆ. ಅವಳು ಹೇಳಿದ್ದು ನಿಜ. ಹಾಗಾದರೆ ಆರ್ಥೋ ಕ್ಸೈಲೀನ್ ಎರಡು ಇರಬೇಕು, ಒಟ್ಟು ನಾಲ್ಕು ಆಗಬೇಕು. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಗಾಜಿನ ನಳಿಕೆ
ಮೊದಲು ಮಗಳಿಗೆ ಶಹಬ್ಬಾಸ್ ಹೇಳಿ. ಅವಳು ನೋಡಿದ್ದು ಸರಿಯಾಗಿದೆ, ಪ್ರಶ್ನೆಯೂ ಸರಿಯಾಗಿದೆ. ಆಗಸ್ಟ್ ಕೆಕುಲೆ 1865ರಲ್ಲಿ ಬೆಂಜೀನ್ ಎಂದರೆ ಆರು ಇಂಗಾಲದ ಉಂಗುರ ಎಂದರು. ನಾಲ್ಕೇ ವರ್ಷಕ್ಕೆ, 1869ರಲ್ಲಿ, ಆಲ್ಬರ್ಟ್ ಲಾಡೆನ್‌ಬರ್ಗ್ ಎತ್ತಿದ ಆಕ್ಷೇಪ ಇದೇ: ಜೋಡಿ ಗೆರೆ, ಒಂಟಿ ಗೆರೆ ಒಂದಾದ ಮೇಲೊಂದು ಬರುವುದು ನಿಜವಾದರೆ ಪಕ್ಕಪಕ್ಕದ ಐಸೋಮರ್ ಎರಡು ಬಗೆಯದು ಸಿಗಬೇಕು. ಎಷ್ಟು ಹುಡುಕಿದರೂ ಒಂದೇ ಸಿಕ್ಕಿತು.

1872ರಲ್ಲಿ ಕೆಕುಲೆ ಉತ್ತರ ಕೊಟ್ಟರು. ಜೋಡಿ ಬಂಧಗಳು ಒಂದೇ ಕಡೆ ನಿಲ್ಲುವುದಿಲ್ಲ, ಎರಡು ಚಿತ್ರಗಳ ನಡುವೆ ಅತ್ತಿಂದಿತ್ತ ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಎರಡನ್ನೂ ಬೇರೆ ಮಾಡಿ ಹಿಡಿಯಲು ಆಗುವುದಿಲ್ಲ ಎಂದು. ಇವತ್ತು ನಮಗೆ ಗೊತ್ತಿರುವ ಪ್ರಕಾರ ಆ ಓಡಾಟವೂ ಇಲ್ಲ. ಆರು ಬಂಧಗಳೂ ಒಂದೇ ಅಳತೆಯವು, ಸುಮಾರು 139 ಪಿಕೋಮೀಟರ್. ಮಾಮೂಲಿ ಒಂಟಿ ಬಂಧ 154, ಜೋಡಿ ಬಂಧ 134. ಬೆಂಜೀನ್‌ನದು ಎರಡರ ನಡುವೆ ಬರುತ್ತದೆ. ಜೋಡಿ ಗೆರೆ ನಾವು ಬರೆಯುವ ರೀತಿ ಮಾತ್ರ. ಉಂಗುರದ ಒಳಗೆ ಒಂದು ವೃತ್ತ ಹಾಕಿ ಬರೆಯಲು ಹೇಳಿ, 1,2 ಮತ್ತು 1,6 ಒಂದೇ ಆಗಿಬಿಡುತ್ತವೆ.

ಬೆಳದಿಂಗಳು
ತುಂಬಾ ಧನ್ಯವಾದ ಸರ್. ಅವಳಿಗೆ ಓದಿ ಹೇಳಿದೆ. "ವೃತ್ತ ಹಾಕಿದರೆ ಪ್ರಶ್ನೆ ಮುಚ್ಚಿಹೋಯಿತು, ಉತ್ತರ ಎಲ್ಲಿ ಬಂತು" ಎನ್ನುತ್ತಿದ್ದಾಳೆ. ಎರಡು ಚಿತ್ರವೂ ಸಮವಾಗಿ ಸೇರಿವೆ ಎಂದು ಪ್ರಯೋಗದಲ್ಲಿ ಕಂಡಿದ್ದಾರಾ ಅಂತ ಅವಳ ಪ್ರಶ್ನೆ.

ಮಳೆಬಿಲ್ಲು
ಕಂಡಿದ್ದಾರೆ. ಅದೂ ಅವಳ ಆರ್ಥೋ ಕ್ಸೈಲೀನ್‌ನಲ್ಲೇ. ನನಗೆ ರಸಾಯನಶಾಸ್ತ್ರದಲ್ಲಿ ಬಹಳ ಇಷ್ಟವಾದ ಪ್ರಯೋಗ ಇದು. ನಿಧಾನವಾಗಿ ಹೇಳುತ್ತೇನೆ, ಪೆನ್ಸಿಲ್ ಹಿಡಿದುಕೊಳ್ಳಲಿ.

ಓಝೋನ್ ಜೋಡಿ ಬಂಧವನ್ನು ಕತ್ತರಿಯಂತೆ ತುಂಡು ಮಾಡುತ್ತದೆ. ತುಂಡಾದ ಎರಡೂ ಕಡೆ ಕೊನೆಗೆ ಆಕ್ಸಿಜನ್ ಬಂದು ಕೂರುತ್ತದೆ. ಉಂಗುರದಲ್ಲಿ ಮೂರು ಜೋಡಿ ಬಂಧ ಇರುವುದರಿಂದ ಮೂರು ತುಂಡು ಸಿಗುತ್ತವೆ, ಒಂದೊಂದರಲ್ಲಿ ಎರಡು ಮೂಲೆ. ಮೀಥೈಲ್‌ಗಳು 1 ಮತ್ತು 2ನೇ ಮೂಲೆಯಲ್ಲಿವೆ ಅಂದುಕೊಳ್ಳಿ.

ಮೊದಲನೇ ಚಿತ್ರದಲ್ಲಿ ಜೋಡಿ ಗೆರೆ 1-2, 3-4, 5-6ರಲ್ಲಿ ಇದೆ. ಅಲ್ಲೆಲ್ಲ ಕತ್ತರಿಸಿ. ಉಳಿಯುವ ತುಂಡುಗಳು 2-3, 4-5, 6-1. 2-3ರಲ್ಲಿ ಒಂದು ಮೀಥೈಲ್, 6-1ರಲ್ಲಿ ಒಂದು ಮೀಥೈಲ್, 4-5ರಲ್ಲಿ ಏನೂ ಇಲ್ಲ. ಮೀಥೈಲ್ ಇಲ್ಲದ ತುಂಡಿನ ಹೆಸರು ಗ್ಲೈಆಕ್ಸಾಲ್. ಅಂದರೆ ಎರಡು ಮೀಥೈಲ್ ಗ್ಲೈಆಕ್ಸಾಲ್, ಒಂದು ಬರೀ ಗ್ಲೈಆಕ್ಸಾಲ್.

ಎರಡನೇ ಚಿತ್ರದಲ್ಲಿ ಜೋಡಿ ಗೆರೆ 2-3, 4-5, 6-1ರಲ್ಲಿ. ಕತ್ತರಿಸಿದರೆ 1-2, 3-4, 5-6 ಉಳಿಯುತ್ತವೆ. ಈಗ 1-2ರಲ್ಲಿ ಎರಡೂ ಮೀಥೈಲ್ ಒಟ್ಟಿಗೆ ಇವೆ. ಅದು ಡೈಮೀಥೈಲ್ ಗ್ಲೈಆಕ್ಸಾಲ್. ಉಳಿದ ಎರಡೂ ಬರೀ ಗ್ಲೈಆಕ್ಸಾಲ್.

ಮೊದಲ ಚಿತ್ರದ ಅಣು ಮಾತ್ರ ಇದ್ದಿದ್ದರೆ ಡೈಮೀಥೈಲ್ ತುಂಡು ಸಿಗಲೇಬಾರದು. ಎರಡನೆಯದು ಮಾತ್ರ ಇದ್ದಿದ್ದರೆ ಒಂದೇ ಮೀಥೈಲ್ ಇರುವ ತುಂಡು ಸಿಗಬಾರದು. ಎರಡೂ ಸಮಪಾಲು ಅಂದರೆ? ಕೂಡಿ ನೋಡಿ. ಗ್ಲೈಆಕ್ಸಾಲ್ ಮೂರು, ಮೀಥೈಲ್ ಗ್ಲೈಆಕ್ಸಾಲ್ ಎರಡು, ಡೈಮೀಥೈಲ್ ಗ್ಲೈಆಕ್ಸಾಲ್ ಒಂದು. 1932ರಲ್ಲಿ ಲೆವೈನ್ ಮತ್ತು ಕೋಲ್ ಎಂಬ ಇಬ್ಬರು ಆರ್ಥೋ ಕ್ಸೈಲೀನ್‌ಗೆ ಓಝೋನ್ ಹಾಯಿಸಿ ನೋಡಿದಾಗ ಮೂರು ಬಗೆಯ ತುಂಡುಗಳೂ ಸಿಕ್ಕವು, ಅದೂ ಈ 3:2:1 ಲೆಕ್ಕಕ್ಕೆ ಹತ್ತಿರವಾಗಿಯೇ.

ಬೆಳದಿಂಗಳು
ಕೂತು ಕತ್ತರಿಸಿದಳು. 3:2:1 ಬಂತು. ಈಗ ಮುಖ ಅರಳಿದೆ.

ಕಂಬಳಿಹುಳು
ನಾನು ಸುಮ್ನೆ ಓದುತ್ತಿದ್ದವನು, ಒಂದು ಸಣ್ಣ ಪ್ರಶ್ನೆ. ಉಂಗುರ ಚಪ್ಪಟೆ ಅಂತಲೂ, ಎಲ್ಲ ಬದಿಯೂ ಸಮ ಅಂತಲೂ ಕಣ್ಣಿಗೆ ಕಾಣುವ ಹಾಗೆ ಯಾರಾದರೂ ತೋರಿಸಿದ್ದಾರಾ?

ಮಳೆಬಿಲ್ಲು
ತೋರಿಸಿದ್ದಾರೆ. ಕ್ಯಾಥ್ಲೀನ್ ಲಾನ್ಸ್‌ಡೇಲ್, 1929. ಆರು ಮೂಲೆಗೂ ಮೀಥೈಲ್ ಇರುವ ಹೆಕ್ಸಾಮೀಥೈಲ್ ಬೆಂಜೀನ್‌ನ ಹರಳಿಗೆ ಎಕ್ಸ್‌ರೇ ಹಾಯಿಸಿ ಅದರ ರಚನೆ ಬಿಡಿಸಿದರು. ಉಂಗುರ ಚಪ್ಪಟೆ, ಆರು ಬದಿಯೂ ಸಮ. ಕೆಕುಲೆ ಹೇಳಿ ಆಗಲೇ 64 ವರ್ಷ ಕಳೆದಿತ್ತು.

ಗಾಜಿನ ನಳಿಕೆ
ಆ 64 ವರ್ಷ ಏನು ಮಾಡುತ್ತಿದ್ದರು ಎಂಬುದೇ ನನಗೆ ದೊಡ್ಡ ವಿಷಯ. ಎಕ್ಸ್‌ರೇ ಇಲ್ಲ, ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ತಿಳಿಯುವ ವಿಧಾನ) ಇಲ್ಲ. ಎದುರಿಗೆ ಮೂರು ಬಾಟಲಿ ಇವೆ, ಮೂರರಲ್ಲೂ ಸಿ₈ಎಚ್₁₀. ಯಾವುದು ಆರ್ಥೋ, ಯಾವುದು ಮೆಟಾ, ಯಾವುದು ಪ್ಯಾರಾ? ಹೇಗೆ ಹೇಳುತ್ತೀರಿ? ಆಗೆಲ್ಲ ಒಬ್ಬರು ಆರ್ಥೋ ಎಂದಿದ್ದನ್ನು ಇನ್ನೊಬ್ಬರು ಮೆಟಾ ಎನ್ನುತ್ತಿದ್ದರು, ಗೊಂದಲವೋ ಗೊಂದಲ.

ಇದನ್ನು ಬಿಡಿಸಿದವರು ಕೆಕುಲೆಯ ಬಳಿ ಕೆಲಸ ಮಾಡಿದ್ದ ವಿಲ್ಹೆಲ್ಮ್ ಕೋರ್ನರ್. ಇಟಲಿಯಲ್ಲಿ ನೆಲೆಸಿ, 1874ರಲ್ಲಿ ತಮ್ಮ ವಿಧಾನವನ್ನು ಪೂರ್ತಿಯಾಗಿ ಪ್ರಕಟಿಸಿದರು. ಅವರು ಮಾಡಿದ್ದು ಎಣಿಕೆ. ಬರೀ ಎಣಿಕೆ! ಮಗಳ ಹತ್ತಿರ ಇದನ್ನು ಕೈಯಲ್ಲೇ ಮಾಡಿಸಿ. ಕಾಗದದಲ್ಲಿ ಮೂರು ಷಟ್ಕೋನ ಕತ್ತರಿಸಿ. ಪ್ರತಿಯೊಂದರ ಎರಡು ಮೂಲೆಗೆ ಕೆಂಪು ಚುಕ್ಕೆ ಇಡಿ: ಒಂದಕ್ಕೆ ಪಕ್ಕಪಕ್ಕ, ಒಂದಕ್ಕೆ ಒಂದು ಮೂಲೆ ಬಿಟ್ಟು, ಒಂದಕ್ಕೆ ಎದುರುಬದುರು. ಈಗ ಚುಕ್ಕೆ ಚುಕ್ಕೆಯ ಮೇಲೇ ಬರುವ ಹಾಗೆ, ಅಥವಾ ಮಡಿಕೆ ಚುಕ್ಕೆಗಳ ಮೇಲೇ ಹಾಯುವ ಹಾಗೆ ಮಡಿಸಿ. ಮಡಿಸಿದಾಗ ಒಂದರ ಮೇಲೊಂದು ಬರುವ ಖಾಲಿ ಮೂಲೆಗಳೆಲ್ಲ ಒಂದೇ ಜಾಗ ಎಂದು ಲೆಕ್ಕ.

ಪ್ಯಾರಾವನ್ನು ಎರಡು ರೀತಿ ಮಡಿಸಬಹುದು. ನಾಲ್ಕು ಖಾಲಿ ಮೂಲೆಯೂ ಒಂದರ ಮೇಲೊಂದು ಬಂದುಬಿಡುತ್ತವೆ. ಅಂದರೆ ಒಂದೇ ಬಗೆಯ ಜಾಗ. ಆರ್ಥೋವನ್ನು ಎರಡು ಚುಕ್ಕೆಗಳ ನಡುವೆ ಮಡಿಸಿದರೆ ನಾಲ್ಕು ಮೂಲೆ ಎರಡು ಜೋಡಿ ಆಗುತ್ತವೆ. ಎರಡು ಬಗೆ. ಮೆಟಾದಲ್ಲಿ ಮಡಿಕೆ ಚುಕ್ಕೆಗಳ ನಡುವಿನ ಮೂಲೆಯಿಂದ ಅದರ ಎದುರು ಮೂಲೆಗೆ ಹೋಗುತ್ತದೆ. ಆ ಎರಡು ಮೂಲೆ ಒಂಟಿಯಾಗಿ ಉಳಿಯುತ್ತವೆ, ಉಳಿದೆರಡು ಜೋಡಿಯಾಗುತ್ತವೆ. ಮೂರು ಬಗೆ.

ಈಗ ಲ್ಯಾಬ್‌ಗೆ ಬನ್ನಿ. ಬಾಟಲಿಯಲ್ಲಿರುವುದಕ್ಕೆ ಇನ್ನೊಂದು ಗುಂಪನ್ನು, ಉದಾಹರಣೆಗೆ ನೈಟ್ರೋವನ್ನು, ಉಂಗುರಕ್ಕೆ ಸೇರಿಸಿ ಎಷ್ಟು ಬೇರೆ ಬೇರೆ ವಸ್ತು ಸಿಗುತ್ತವೆ ನೋಡಿ. ಒಂದೇ ಸಿಕ್ಕರೆ ಪ್ಯಾರಾ. ಎರಡು ಸಿಕ್ಕರೆ ಆರ್ಥೋ. ಮೂರು ಸಿಕ್ಕರೆ ಮೆಟಾ. ಕೋರ್ನರ್ ಇದನ್ನು ಡೈಬ್ರೋಮೋ ಬೆಂಜೀನ್‌ಗಳಲ್ಲಿ ಮಾಡಿ ತೋರಿಸಿದರು. ಅಣುವನ್ನು ಯಾರೂ ನೋಡಿರಲಿಲ್ಲ. ಆದರೂ ಯಾವ ಬಾಟಲಿಯಲ್ಲಿ ಯಾವುದಿದೆ ಎಂಬುದಕ್ಕೆ ಅವರ ಹತ್ತಿರ ಪುರಾವೆ ಇತ್ತು. ಐಸೋಮರ್ ಎಣಿಸುವುದು ಪರೀಕ್ಷೆಯ ಅಂಕಕ್ಕಾಗಿ ಇರುವ ಕಸರತ್ತು ಅಂತ ಮಕ್ಕಳಿಗೆ ಅನಿಸುತ್ತದೆ. ಅದು ಕಣ್ಣಿಗೆ ಕಾಣದ್ದನ್ನು ನೋಡುವ ಕಣ್ಣಾಗಿತ್ತು. ಇದನ್ನು ಹೇಳದೆ ಆರ್ಥೋ, ಮೆಟಾ, ಪ್ಯಾರಾ ಬಾಯಿಪಾಠ ಮಾಡಿಸುವುದು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಪುಟ್ಟ ದೀಪ
ಪೀಟರ್ ಗ್ರೀಸ್ ಇದನ್ನೇ ಉಲ್ಟಾ ಮಾಡಿದ್ದರು ಅಲ್ವಾ? ಮೂರು ಗುಂಪು ಇರುವುದರಿಂದ ಶುರು ಮಾಡಿ ಒಂದನ್ನು ಕಿತ್ತು ಹಾಕುವುದು. ಡೈಅಮಿನೋ ಬೆಂಜೋಯಿಕ್ ಆಮ್ಲಗಳು ಆರು ಇವೆ. ಅವುಗಳಿಂದ ಕಾರ್ಬನ್ ಡೈಆಕ್ಸೈಡ್ ತೆಗೆದುಬಿಟ್ಟರೆ ಮೂರು ಆಮ್ಲ ಒಂದೇ ಡೈಅಮೀನ್ ಕೊಡುತ್ತವೆ, ಅದು ಮೆಟಾ. ಎರಡು ಸೇರಿ ಇನ್ನೊಂದನ್ನು ಕೊಡುತ್ತವೆ, ಅದು ಆರ್ಥೋ. ಉಳಿದ ಒಂದು ಕೊಡುವುದು ಪ್ಯಾರಾ. ನೋಡಿ, ಇಲ್ಲೂ 3, 2, 1! ಓಝೋನ್‌ನಲ್ಲೂ 3:2:1. ಎರಡಕ್ಕೂ ಒಳಗೆ ಏನೋ ಸಂಬಂಧ ಇರಬೇಕು ಅನಿಸುತ್ತದೆ.

ಮಳೆಬಿಲ್ಲು
ಗ್ರೀಸ್ ವಿಷಯ ಸರಿ. ಸಂಬಂಧ ಇಲ್ಲ. ಕೋರ್ನರ್ ಮತ್ತು ಗ್ರೀಸ್ ಎಣಿಸಿದ್ದು ಉಂಗುರದ ಮೇಲೆ ಎಷ್ಟು ಬಗೆಯ ಖಾಲಿ ಜಾಗ ಇವೆ ಎಂಬುದನ್ನು. ಓಝೋನ್‌ನ 3:2:1 ಬಂದದ್ದು ಎರಡು ಚಿತ್ರಗಳನ್ನು ಕೂಡಿದ್ದರಿಂದ. ಅಂಕಿ ಒಂದೇ ಆಗಿದ್ದು ಕಾಕತಾಳೀಯ. ಮಗುವಿಗೆ ಎರಡನ್ನೂ ಬೆರೆಸಿ ಹೇಳಬೇಡಿ, ಆಮೇಲೆ ಬಿಡಿಸುವುದು ಕಷ್ಟ.

ಪುಟ್ಟ ದೀಪ
ಸರಿ, ಈಗ ಗೊತ್ತಾಯಿತು. ಧನ್ಯವಾದ.

ಕಂಬಳಿಹುಳು
ಗಾಜಿನ ನಳಿಕೆ ಅವರೇ, ನನಗೆ ಒಂದು ಅನುಮಾನ ಉಳಿದಿದೆ. 1, 2, 3 ಎಣಿಕೆ ಬಂತು ಅಂದ ಮಾತ್ರಕ್ಕೆ ಅದು ಚಪ್ಪಟೆ ಉಂಗುರವೇ ಅಂತ ಹೇಗೆ? ಬೇರೆ ಯಾವ ಆಕಾರಕ್ಕೂ ಅದೇ ಎಣಿಕೆ ಬರುವುದಿಲ್ಲವೇ?

ಗಾಜಿನ ನಳಿಕೆ
ಬರುತ್ತದೆ. ಇದನ್ನು ನಾನೇ ಮೊದಲು ಹೇಳಬೇಕಿತ್ತು. ಮೇಲೆ ಹೆಸರಿಸಿದ ಲಾಡೆನ್‌ಬರ್ಗ್ ಅವರದು ಪ್ರಿಸಂ ಮಾದರಿ: ಮೇಲೊಂದು ತ್ರಿಕೋನ, ಕೆಳಗೊಂದು ತ್ರಿಕೋನ, ನಡುವೆ ಮೂರು ಕಂಬ. ಆರು ಮೂಲೆ. ಜೋಡಿ ಬಂಧವೇ ಬೇಡ. ಅದರಲ್ಲೂ ಎರಡು ಗುಂಪು ಕೂರಿಸಲು ಮೂರೇ ದಾರಿ. ಒಂದೇ ತ್ರಿಕೋನದ ಎರಡು ಮೂಲೆ, ಒಂದೇ ಕಂಬದ ಮೇಲೆ ಕೆಳಗೆ, ಅಥವಾ ಪಕ್ಕದ ಗೋಡೆಯ ಮೇಲೆ ಓರೆಯಾಗಿ. ಮೂರನೇ ಗುಂಪು ಸೇರಿಸಿದರೆ ಅನುಕ್ರಮವಾಗಿ ಮೂರು, ಒಂದು, ಎರಡು ವಸ್ತು. ಅದೇ ಎಣಿಕೆ!

ಆದರೆ ಓರೆಯಾಗಿ ಕೂರಿಸಿದ್ದನ್ನು ಕನ್ನಡಿಯ ಎದುರು ಹಿಡಿದು ನೋಡಿ. ಪ್ರತಿಬಿಂಬ ಅದರ ಮೇಲೆ ಕೂರುವುದಿಲ್ಲ, ಎಡಗೈ ಬಲಗೈ ಇದ್ದಂತೆ. ಪ್ರಿಸಂ ನಿಜವಾಗಿದ್ದರೆ ಆರ್ಥೋ ವಸ್ತುಗಳು ಎಡ-ಬಲ ಜೋಡಿಯಾಗಿ ಸಿಗಬೇಕಿತ್ತು. ರಸಾಯನಶಾಸ್ತ್ರಜ್ಞ ವಾನ್ಟ್ ಹಾಫ್ ಇದನ್ನು ಎತ್ತಿ ತೋರಿಸಿದರು. ಅಂಥ ಜೋಡಿ ಸಿಗಲಿಲ್ಲ, ಪ್ರಿಸಂ ಬಿದ್ದುಹೋಯಿತು. ಅಂದರೆ ಎಡ-ಬಲವನ್ನೂ ಸೇರಿಸಿ ಎಣಿಸಿದಾಗಲೇ ಉಂಗುರಕ್ಕೆ ಗೆಲುವು. ಪ್ರಿಸಂ ಆಕಾರದ ಅಣು ಇರಲಾರದು ಅಂತ ಅಲ್ಲ. ಕ್ಯಾಟ್ಜ್ ಮತ್ತು ಆಕ್ಟನ್ 1973ರಲ್ಲಿ ಅದನ್ನು ತಯಾರಿಸಿಯೇಬಿಟ್ಟರು, ಪ್ರಿಸ್ಮೇನ್ ಎಂದು ಹೆಸರು. ಅದು ಬೆಂಜೀನ್‌ನ ಐಸೋಮರ್ ಆಯಿತು, ಬೆಂಜೀನ್ ಆಗಲಿಲ್ಲ.

ಬಿಳಿ ಕೋಟು
ಲೆಕ್ಕ ಸಾಕು, ಸ್ವಲ್ಪ ಬಾಟಲಿಯ ಮಾತು ಆಡೋಣ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಮೂರನ್ನೂ ಒಟ್ಟಿಗೆ ನೋಡುವ ಅವಕಾಶ ಸಿಕ್ಕಾಗ ಒಂದು ಕೆಲಸ ಮಾಡಿದ್ದೆ. ಮೂರು ಪರೀಕ್ಷಾ ನಳಿಕೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಮುಚ್ಚಿ, ಐಸ್ ನೀರಿನಲ್ಲಿ ನಿಲ್ಲಿಸಿದೆ. ಆರ್ಥೋ ಮತ್ತು ಮೆಟಾ ನೀರಿನ ಹಾಗೆ ಅಲುಗಾಡುತ್ತಲೇ ಇದ್ದವು. ಪ್ಯಾರಾ ಮಾತ್ರ ಗೋಡೆಯಿಂದ ಒಳಕ್ಕೆ ಬಿಳಿ ಗೀರು ಬಿಡುತ್ತಾ ಬಂದು, ನೋಡುತ್ತಿದ್ದ ಹಾಗೆ ಗಟ್ಟಿಯಾಯಿತು. ನಳಿಕೆ ಬಗ್ಗಿಸಿದರೂ ಜಾರಲಿಲ್ಲ. ಕೈಯಲ್ಲಿ ಹಿಡಿದುಕೊಂಡೆ, ಅಂಚಿನಿಂದ ಕರಗಿ ನಡುವೆ ಒಂದು ಗಟ್ಟಿ ಕಡ್ಡಿ ಉಳಿಯಿತು.

ಕಾರಣ ಅಂಕಿಯಲ್ಲಿದೆ. ಪ್ಯಾರಾ ಕರಗುವುದು 13 ಡಿಗ್ರಿ ಸೆಲ್ಸಿಯಸ್‌ಗೆ. ಆರ್ಥೋ ಸೊನ್ನೆಗಿಂತ 25 ಡಿಗ್ರಿ ಕೆಳಗೆ, ಮೆಟಾ 48 ಡಿಗ್ರಿ ಕೆಳಗೆ. ಕುದಿಯುವ ಬಿಂದು ನೋಡಿ: ಪ್ಯಾರಾ 138.4, ಮೆಟಾ 139.1, ಆರ್ಥೋ 144.4. ಪ್ಯಾರಾ ಮತ್ತು ಮೆಟಾ ನಡುವೆ ಒಂದು ಡಿಗ್ರಿಯೂ ಇಲ್ಲ, ಕರಗುವುದರಲ್ಲಿ ಮಾತ್ರ 61 ಡಿಗ್ರಿ ಅಂತರ. ಆವಿಯಾಗುವಾಗ ಅಣುಗಳು ಬಿಟ್ಟುಹೋದರೆ ಸಾಕು, ಆಕಾರ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹರಳಾಗುವಾಗ ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಜೋಡಿಸಿಕೊಳ್ಳಬೇಕು. ಎರಡೂ ತುದಿ ಸಮ ಇರುವ ಪ್ಯಾರಾ ಅಣು ಹರಳಿನಲ್ಲಿ ಬಿಗಿಯಾಗಿ ಕೂರುತ್ತದೆ. ಕೋರ್ನರ್‌ನ ಡೈಬ್ರೋಮೋ ಬೆಂಜೀನ್‌ಗಳಲ್ಲೂ ಇದೇ ಕಥೆ. ಪ್ಯಾರಾ 87 ಡಿಗ್ರಿಯವರೆಗೆ ಗಟ್ಟಿ, ಆರ್ಥೋ 7ಕ್ಕೇ ಕರಗುತ್ತದೆ, ಮೆಟಾ ಸೊನ್ನೆಗಿಂತ ಕೆಳಗೆ.

ಇದನ್ನು ಮನೆಯಲ್ಲಿ ಮಾಡಬೇಡಿ. ಕ್ಸೈಲೀನ್ ಬೇಗ ಹೊತ್ತಿಕೊಳ್ಳುತ್ತದೆ, ಆವಿ ತಲೆ ತಿರುಗಿಸುತ್ತದೆ. ಇನ್ನೊಂದು ಮಾತು: ಬಾಟಲಿಯ ಮೇಲೆ ಸುಮ್ನೆ "ಕ್ಸೈಲೀನ್" ಎಂದಿದ್ದರೆ ಅದು ಮೂರರ ಮಿಶ್ರಣ, ಜೊತೆಗೆ ಸಾಮಾನ್ಯವಾಗಿ ಈಥೈಲ್ ಬೆಂಜೀನ್ ಕೂಡ ಇರುತ್ತದೆ.

ಪುಟ್ಟ ದೀಪ
ಕುದಿಯುವುದು ಇಷ್ಟು ಹತ್ತಿರ ಇದ್ದರೆ ಕಾರ್ಖಾನೆಯಲ್ಲಿ ಹೇಗೆ ಬೇರ್ಪಡಿಸುತ್ತಾರೆ?

ಬಿಳಿ ಕೋಟು
ಆರ್ಥೋವನ್ನು ಭಟ್ಟಿ ಇಳಿಸಿಯೇ ತೆಗೆಯಬಹುದು, ಐದು ಡಿಗ್ರಿ ಅಂತರ ಇದೆಯಲ್ಲ. ಪ್ಯಾರಾಗೆ ಮೊದಲು ಮಿಶ್ರಣವನ್ನು ಚೆನ್ನಾಗಿ ತಣಿಸಿ ಹರಳು ಮಾಡಿ ಸೋಸುತ್ತಿದ್ದರು. ನನ್ನ ನಳಿಕೆಯಲ್ಲಿ ಆದದ್ದೇ, ದೊಡ್ಡದಾಗಿ. ಈಗ ಜಿಯೋಲೈಟ್ ಎಂಬ ಸಣ್ಣ ರಂಧ್ರಗಳ ಖನಿಜ ಬಳಸುವುದು ಜಾಸ್ತಿ. ಅದರ ಸಣ್ಣ ಸಣ್ಣ ಗೂಡುಗಳಲ್ಲಿ ಪ್ಯಾರಾ ಹೆಚ್ಚು ಹಿಡಿದು ನಿಲ್ಲುತ್ತದೆ, ಉಳಿದವು ಮುಂದೆ ಹರಿಯುತ್ತವೆ. ಹೆಚ್ಚು ಬೇಡಿಕೆ ಇರುವುದು ಪ್ಯಾರಾಗೇ. ಅದರಿಂದ ಟೆರೆಥ್ಯಾಲಿಕ್ ಆಮ್ಲ, ಅದರಿಂದ ಪಾಲಿಯೆಸ್ಟರ್ ಬಟ್ಟೆ, ನೀರಿನ ಬಾಟಲಿ. ಆರ್ಥೋದಿಂದ ಥ್ಯಾಲಿಕ್ ಅನ್‌ಹೈಡ್ರೈಡ್, ಪ್ಲಾಸ್ಟಿಕ್ ಮೆತ್ತಗಾಗಿಸಲು.

ಪುಟ್ಟ ದೀಪ
ಮೆಟಾ ಮಿಕ್ಕಿಹೋಗುತ್ತದೆ ಅನ್ನಿ. ಅದು ಎಲ್ಲಕ್ಕಿಂತ ಸ್ಥಿರ, ಅದಕ್ಕೇ ಮಿಶ್ರಣದಲ್ಲಿ ಅರ್ಧದಷ್ಟು ಅದೇ ಇರುತ್ತದೆ ಎಂದು ಓದಿದ ನೆನಪು.

ಮಳೆಬಿಲ್ಲು
ಅರ್ಧ ಸರಿ. ಮೂರನ್ನೂ ವೇಗವರ್ಧಕದ ಮೇಲೆ ಹಾಯಿಸಿದರೆ ಮೀಥೈಲ್‌ಗಳು ಜಾಗ ಬದಲಿಸಿ, ಕೊನೆಗೆ ಮೆಟಾ ಸುಮಾರು ಅರ್ಧ, ಉಳಿದೆರಡು ಹೆಚ್ಚುಕಡಿಮೆ ಕಾಲು ಕಾಲು ಎನ್ನುವ ಹಂತಕ್ಕೆ ನಿಲ್ಲುತ್ತವೆ. ಆದರೆ ಇಲ್ಲೂ ಎಣಿಕೆಯ ಪಾಲಿದೆ. ಒಂದು ಮೀಥೈಲ್ ಕೂತ ಮೇಲೆ ಎರಡನೆಯದಕ್ಕೆ ಆರ್ಥೋ ಜಾಗ ಎರಡು, ಮೆಟಾ ಜಾಗ ಎರಡು, ಪ್ಯಾರಾ ಒಂದೇ. ಬರೀ ಜಾಗದ ಲೆಕ್ಕವಾದರೆ 40, 40, 20 ಆಗಬೇಕು. ಆರ್ಥೋದಲ್ಲಿ ಎರಡು ಮೀಥೈಲ್ ಪಕ್ಕಪಕ್ಕ ಇಕ್ಕಟ್ಟಾಗಿ ಕೂರುವುದರಿಂದ ಅದರ ಪಾಲು ಇಳಿಯುತ್ತದೆ, ಅದು ಉಳಿದವಕ್ಕೆ, ಅದರಲ್ಲೂ ಮೆಟಾಗೆ, ಸೇರುತ್ತದೆ. ಮೆಟಾ ಮಿಕ್ಕಿಹೋಗುವುದೂ ಇಲ್ಲ. ಕಾರ್ಖಾನೆಯವರು ಪ್ಯಾರಾ ತೆಗೆದುಕೊಂಡು ಉಳಿದದ್ದನ್ನು ಮತ್ತೆ ವೇಗವರ್ಧಕಕ್ಕೆ ಕೊಡುತ್ತಾರೆ, ಮತ್ತೆ ಕಾಲು ಭಾಗ ಪ್ಯಾರಾ ಬರುತ್ತದೆ. ಹೀಗೇ ಸುತ್ತು.

ಬೆಳದಿಂಗಳು
ಇಷ್ಟೆಲ್ಲ ಬರೆದು ತಿಳಿಸಿದ್ದಕ್ಕೆ ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ಕಾಗದದ ಷಟ್ಕೋನ ಈಗ ಅವಳ ಪುಸ್ತಕದೊಳಗೆ ಇವೆ. ಮಡಿಸಿ ಮಡಿಸಿ ಒಂದು ಹರಿದೂ ಹೋಯಿತು, ಹೊಸದು ಮಾಡಿಕೊಂಡಳು.

ಗಾಜಿನ ನಳಿಕೆ
ಹಾಗಾದರೆ ಅವಳಿಗೆ ನನ್ನ ಕಡೆಯಿಂದ ಒಂದು ಲೆಕ್ಕ. ಬಿಳಿ ಕೋಟು ಅವರು ಈಥೈಲ್ ಬೆಂಜೀನ್ ಹೆಸರು ಹೇಳಿದರಲ್ಲ, ಅದೂ ಸಿ₈ಎಚ್₁₀. ಬೆಂಜೀನ್ ಉಂಗುರ ಇರುವ ಸಿ₈ಎಚ್₁₀ ಒಟ್ಟು ನಾಲ್ಕು. ಈಗ ಒಂದು ಬಾಟಲಿ ಕೊಟ್ಟಿದ್ದೇನೆ. ಅದರ ಉಂಗುರಕ್ಕೆ ಒಂದು ನೈಟ್ರೋ ಸೇರಿಸಿದರೆ ಮೂರು ಬೇರೆ ಬೇರೆ ವಸ್ತು ಸಿಗುತ್ತವೆ. ಮೆಟಾ ಕ್ಸೈಲೀನ್ ಅಂತ ಹೇಳಿಬಿಡಬಹುದೇ? ಆಗದಿದ್ದರೆ ಮುಂದೇನು ಮಾಡಬೇಕು? ಎನ್‌ಎಂಆರ್ ಮುಟ್ಟುವಂತಿಲ್ಲ. 1874ರಲ್ಲಿ ಇದ್ದ ಸಾಮಾನು ಮಾತ್ರ.

ಕಂಬಳಿಹುಳು
ನಾನೂ ಮಾಡುತ್ತೇನೆ. ಯಾರೂ ಉತ್ತರ ಹಾಕಬೇಡಿ!

ಬೆಳದಿಂಗಳು
ಎರಡು ದಿನ ತೆಗೆದುಕೊಂಡಳು. ಅವಳು ಬರೆದುಕೊಟ್ಟದ್ದನ್ನು ಹಾಗೇ ಹಾಕುತ್ತಿದ್ದೇನೆ.

"ಹೇಳಲು ಆಗುವುದಿಲ್ಲ. ಈಥೈಲ್ ಬೆಂಜೀನ್‌ಗೂ ಆರ್ಥೋ, ಮೆಟಾ, ಪ್ಯಾರಾ ಅಂತ ಮೂರು ಖಾಲಿ ಜಾಗ ಇವೆ. ಮಡಿಸಿ ನೋಡಿದೆ. ಅದಕ್ಕೆ ಬಾಟಲಿಯಲ್ಲಿರುವುದನ್ನು ಪೊಟ್ಯಾಷಿಯಂ ಪರ್ಮಾಂಗನೇಟ್ ಜೊತೆ ಕಾಯಿಸುತ್ತೇನೆ. ಉಂಗುರಕ್ಕೆ ಅಂಟಿದ ಪ್ರತಿ ಬಾಲವೂ ಎಷ್ಟೇ ಉದ್ದ ಇದ್ದರೂ ಒಂದು ಕಾರ್ಬಾಕ್ಸಿಲಿಕ್ ಆಮ್ಲದ ಗುಂಪಾಗುತ್ತದೆ. ಈಥೈಲ್ ಬೆಂಜೀನ್ ಆದರೆ ಬೆಂಜೋಯಿಕ್ ಆಮ್ಲ ಬರುತ್ತದೆ, ಅದರಲ್ಲಿ ಆಮ್ಲದ ಗುಂಪು ಒಂದು. ಮೆಟಾ ಕ್ಸೈಲೀನ್ ಆದರೆ ಐಸೋಥ್ಯಾಲಿಕ್ ಆಮ್ಲ, ಅದರಲ್ಲಿ ಎರಡು. ಬಂದ ಆಮ್ಲವನ್ನು ಒಣಗಿಸಿ ತೂಗಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಟೈಟ್ರೇಷನ್ ಮಾಡುತ್ತೇನೆ. ಒಂದು ಮೋಲ್ ಕ್ಷಾರಕ್ಕೆ 122 ಗ್ರಾಂ ಆಮ್ಲ ಬೇಕಾದರೆ ಈಥೈಲ್ ಬೆಂಜೀನ್. 83 ಗ್ರಾಂ ಸಾಕಾದರೆ ಮೆಟಾ ಕ್ಸೈಲೀನ್."

ಗಾಜಿನ ನಳಿಕೆ
ಪೂರ್ತಿ ಸರಿ. ಐಸೋಥ್ಯಾಲಿಕ್ ಆಮ್ಲದ ಅಣುತೂಕ 166ನ್ನು ಎರಡರಿಂದ ಭಾಗಿಸಿ 83 ತೆಗೆದದ್ದು ನೋಡಿ ಬಹಳ ಖುಷಿಯಾಯಿತು. ನಾನು ಕರಗುವ ಬಿಂದುವಿನ ಉತ್ತರ ಬರುತ್ತದೆ ಅಂದುಕೊಂಡಿದ್ದೆ, ಬೆಂಜೋಯಿಕ್ ಆಮ್ಲ 122 ಡಿಗ್ರಿಗೆ ಕರಗುತ್ತದೆ ಎಂದು. ಅವಳ ದಾರಿಯಲ್ಲಿ ಯಾವ ಪಟ್ಟಿಯನ್ನೂ ನೋಡಬೇಕಾಗಿಲ್ಲ.

ಕಂಬಳಿಹುಳು
ನನ್ನದು ಪರ್ಮಾಂಗನೇಟ್‌ವರೆಗೆ ಬಂದಿತ್ತು, ಟೈಟ್ರೇಷನ್ ಹೊಳೆಯಲಿಲ್ಲ. ಮುಂದಿನ ಲೆಕ್ಕ ಹಾಕಿ ಸರ್. ಟ್ರೈಮೀಥೈಲ್ ಬೆಂಜೀನ್ ಆಗಬಹುದಾ?